ಒಂದೇ ನಾಣ್ಯ, ಎರಡು ಮುಖ

‘ಒಂದೇ ನಾಣ್ಯದ ಎರಡು ಮುಖಗಳು’ ಎಂಬ ಮಾತನ್ನು ಇಂದು ಕೇಳದ ಕನ್ನಡಿಗನಿಲ್ಲ. ಸಭೆಯ ಭಾಷಣದಲ್ಲಿ, ಪತ್ರಿಕೆಯ ಅಗ್ರಲೇಖನದಲ್ಲಿ, ವಿದ್ಯಾರ್ಥಿಯ ಪ್ರಬಂಧದಲ್ಲಿ, ವಿಮರ್ಶಕನ ಬರಹದಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಹಕ್ಕು ಮತ್ತು ಕರ್ತವ್ಯಗಳು ಒಂದೇ ನಾಣ್ಯದ ಎರಡು ಮುಖಗಳು. ಸುಖ ದುಃಖಗಳೂ ಹಾಗೆಯೇ. ಸಂಪ್ರದಾಯ ಮತ್ತು ಪ್ರಯೋಗಗಳೂ ಹಾಗೆಯೇ. ಎರಡು ಸಂಗತಿಗಳು ಒಂದನ್ನೊಂದು ಅಲ್ಲಗಳೆಯುವಂತೆ ಕಂಡು, ಎರಡರಲ್ಲಿ ಯಾವುದನ್ನೂ ಬಿಡಲು ನಮಗೆ ಮನಸ್ಸಿಲ್ಲದಾಗ ಈ ಮಾತು ತಾನಾಗಿಯೇ ನಾಲಗೆಯ ತುದಿಗೆ ಬರುತ್ತದೆ. ಅದನ್ನು ಆಡಿ ಮುಗಿಸಿದೊಡನೆ, ಇದ್ದ ವಿರೋಧ ಕರಗಿಹೋಯಿತೆಂಬ ನೆಮ್ಮದಿ ಹೇಳಿದವನಿಗೂ ಕೇಳಿದವನಿಗೂ ಉಂಟಾಗುತ್ತದೆ.

ಆ ನೆಮ್ಮದಿ ಎಷ್ಟರ ಮಟ್ಟಿಗೆ ಸಲ್ಲತಕ್ಕದ್ದು ಎಂಬುದೇ ಇಂದಿನ ನನ್ನ ಮಾತಿನ ವಿಷಯ. ನಾಣ್ಯದ ಹೆಸರಿನಲ್ಲಿ ನಡೆಯುವ ಮಾತನ್ನು ನಾಣ್ಯದಿಂದಲೇ ಪರೀಕ್ಷಿಸುವುದು ನ್ಯಾಯ. ಅದಕ್ಕೆ ಬೇಕಾದ ನಾಣ್ಯವೂ ಶಾಸನವೂ ದೇವಾಲಯವೂ ಒಂದೆಡೆ ದೊರೆಯುವ ಪ್ರದೇಶವೊಂದು ನಮ್ಮ ನಾಡಿನಲ್ಲಿದೆ. ಅದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕು.

ಮೊದಲು ಮಾತಿನ ಹುಟ್ಟನ್ನು ನೋಡೋಣ. ಇದು ಇಂಗ್ಲಿಷಿನಿಂದ ನಮಗೆ ಬಂದದ್ದು. ಆದರೆ ಯುರೋಪಿನಲ್ಲಿ ಇದರ ಹಿರಿಯ ರೂಪ ನಾಣ್ಯದ್ದಲ್ಲ, ಪದಕದ್ದು. ಪ್ರತಿಯೊಂದು ಪದಕಕ್ಕೂ ಹಿಂಬದಿಯೊಂದು ಇದ್ದೇ ಇರುತ್ತದೆ ಎಂಬ ಅರ್ಥದ ಇಟಲಿಯ ಗಾದೆಯನ್ನು ೧೬ನೆಯ ಶತಮಾನದ ಫ್ರೆಂಚ್ ಪ್ರಬಂಧಕಾರ ಮೊಂತೇನ್ ತನ್ನ ಬರಹದಲ್ಲಿ ತಂದಿದ್ದಾನೆ. ಆ ಗಾದೆಯ ಉದ್ದೇಶ ಎಚ್ಚರಿಕೆ. ಮುಂಬದಿಯ ಹೊಳಪನ್ನು ಕಂಡು ಮರುಳಾಗಬೇಡ, ತಿರುಗಿಸಿ ನೋಡು, ಅಲ್ಲಿ ಬೇರೆಯದೇ ಇರಬಹುದು ಎಂಬುದು ಅದರ ಭಾವ. ಕಾಲ ಕಳೆದಂತೆ ಪದಕದ ಸ್ಥಾನಕ್ಕೆ ನಾಣ್ಯ ಬಂತು, ಅರ್ಥವೂ ಹೊರಳಿತು. ತಿರುಗಿಸಿ ನೋಡು ಎನ್ನುತ್ತಿದ್ದ ಮಾತು, ಎರಡೂ ಒಂದೇ, ತಿರುಗಿಸಿ ನೋಡುವ ಅಗತ್ಯವಿಲ್ಲ ಎನ್ನುವಂತಾಯಿತು. ಎಚ್ಚರಿಸುತ್ತಿದ್ದ ಮಾತು ಸಮಾಧಾನ ಹೇಳುವ ಮಾತಾದದ್ದು ಹೀಗೆ. ನಾವು ಕನ್ನಡಕ್ಕೆ ತಂದುಕೊಂಡದ್ದು ಈ ಎರಡನೆಯ ಅರ್ಥವನ್ನು.

ನಮ್ಮಲ್ಲಿ ಇಂಥ ಸಂದರ್ಭಕ್ಕೆ ಹೆಸರಿರಲಿಲ್ಲವೆಂದು ಯಾರೂ ತಿಳಿಯಬಾರದು. ಹೊರನೋಟಕ್ಕೆ ವಿರುದ್ಧವಾಗಿ ತೋರುವುದನ್ನು ದಂಡಿ ‘ವಿರೋಧ’ವೆಂಬ ಅಲಂಕಾರವಾಗಿ ವಿವರಿಸಿದ. ಮುಂದಿನವರು ಅದನ್ನು ‘ವಿರೋಧಾಭಾಸ’ ಎಂದರು. ಆಭಾಸ ಎಂಬ ಶಬ್ದ ಅಲ್ಲಿ ಮುಖ್ಯ. ವಿರೋಧವಲ್ಲ, ವಿರೋಧದ ತೋರಿಕೆ. ಆದರೆ ನಮ್ಮ ಆಲಂಕಾರಿಕರು ಅಷ್ಟಕ್ಕೆ ಬಿಡಲಿಲ್ಲ. ತೋರಿಕೆ ಎಂದು ಹೇಳಿದವನು ಅದರ ಪರಿಹಾರವನ್ನೂ ತೋರಿಸಬೇಕು. ಯಾವ ಅರ್ಥದಲ್ಲಿ ವಿರೋಧ, ಯಾವ ಅರ್ಥದಲ್ಲಿ ಅವಿರೋಧ ಎಂಬುದು ಓದುಗನಿಗೆ ತಿಳಿಯಬೇಕು. ತಿಳಿಯದಿದ್ದರೆ ಅದು ಅಲಂಕಾರವಲ್ಲ, ದೋಷ. ನಾಣ್ಯದ ಮಾತನ್ನು ಆಡುವಾಗ ನಾವು ಬಿಟ್ಟುಬಿಡುವುದು ಈ ಪರಿಹಾರವನ್ನೇ.

ಇನ್ನು ಖಾನಾಪುರಕ್ಕೆ ಬರೋಣ. ಬೆಳಗಾವಿಯಿಂದ ಲೋಂಡಾಕ್ಕೆ ಹೋಗುವ ರೈಲು ಖಾನಾಪುರವನ್ನು ದಾಟಿದ ಮೇಲೆ ಗುಂಜಿ ಎಂಬ ಚಿಕ್ಕ ಊರು ಸಿಗುತ್ತದೆ. ಅಲ್ಲಿಂದ ಮುಂದೆ ದಟ್ಟವಾದ ಸಹ್ಯಾದ್ರಿಯ ಕಾಡು. ಊರಿನ ದೇವತೆ ಮಾವುಲಿ. ಮರಾಠಿಯಲ್ಲಿ ಆ ಶಬ್ದಕ್ಕೆ ತಾಯಿ ಎಂದರ್ಥ. ಊರಿನ ಹೆಸರಾದ ‘ಗುಂಜಿ’ಯಾದರೋ ಕನ್ನಡಿಗರು ಗುಲಗಂಜಿ ಎಂದು ಕರೆಯುವ ಬೀಜಕ್ಕೂ ಸಲ್ಲುವ ಶಬ್ದ. ಕೆಂಪು ಮೈಯ, ತುದಿಯಲ್ಲಿ ಕಪ್ಪು ಬೊಟ್ಟಿನ ಆ ಬೀಜವನ್ನು ಅಕ್ಕಸಾಲಿಗರು ಚಿನ್ನದ ತೂಕಕ್ಕೆ ಬಳಸುತ್ತಿದ್ದರು. ಒಂದು ಗುಂಜಿಯ ಭಾರ ಸುಮಾರು ೦.೧೨ ಗ್ರಾಂ. ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ‘ಲೀಲಾವತಿ’ಯ ಕೋಷ್ಟಕದಂತೆ ಮೂರು ಗುಂಜಿಗೆ ಒಂದು ವಲ್ಲ, ಎಂಟು ವಲ್ಲಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಗದ್ಯಾಣ. ಎಂದರೆ ೪೮ ಗುಂಜಿಗಳ ತೂಕ ಒಂದು ಗದ್ಯಾಣ. ಇಂದಿನ ಲೆಕ್ಕದಲ್ಲಿ ಆರು ಗ್ರಾಮಿಗೆ ತುಸು ಕಡಿಮೆ. ನಾಣ್ಯದ ಮುಖ ಯಾವುದೇ ಇರಲಿ, ಅದನ್ನು ತಕ್ಕಡಿಯಲ್ಲಿ ಇಟ್ಟು ತೂಗುತ್ತಿದ್ದ ಕಾಲ ಅದು.

ಭಾಸ್ಕರಾಚಾರ್ಯ ಆ ಲೆಕ್ಕವನ್ನು ಬರೆಯುವ ಹೊತ್ತಿಗೆ ಗೋವೆಯ ಕದಂಬರು ಈ ಸೀಮೆಯನ್ನು ಆಳುತ್ತಿದ್ದರು. ಕರಾವಳಿಯ ಗೋವೆ ಅವರ ಒಂದು ನೆಲೆ. ಘಟ್ಟದ ಮೇಲಿನ ಹಲಸಿಗೆ, ಎಂದರೆ ಇಂದಿನ ಖಾನಾಪುರ ತಾಲ್ಲೂಕಿನ ಹಲಸಿ, ಇನ್ನೊಂದು ನೆಲೆ. ಅವರ ಚಿನ್ನದ ನಾಣ್ಯಗಳು ದಕ್ಷಿಣ ಭಾರತದ ಸೊಗಸಾದ ನಾಣ್ಯಗಳ ಸಾಲಿಗೆ ಸೇರತಕ್ಕವು. ಒಂದು ಮುಖದಲ್ಲಿ ಮುಂಗಾಲೆತ್ತಿ ನಡೆಯುವ ಸಿಂಹ, ಕದಂಬರ ಲಾಂಛನ. ಇನ್ನೊಂದು ಮುಖದಲ್ಲಿ ಸಾಲು ಸಾಲಾಗಿ ಬರಹ. ‘ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಎಂದು ಮೊದಲಾಗುವ ಆ ಬರಹ ಅರಸನ ಹೆಸರನ್ನು ಹೇಳಿ ‘ಮಲವರಮಾರಿ’ ಎಂಬ ಬಿರುದಿನಿಂದ ಮುಗಿಯುತ್ತದೆ. ಸಿಂಹದ ಮುಖ ಬಲವನ್ನು ಸಾರುತ್ತದೆ. ಬರಹದ ಮುಖ ಆ ಬಲ ತನ್ನದಲ್ಲ, ದೇವರಿಂದ ಪಡೆದದ್ದು ಎನ್ನುತ್ತದೆ. ಮೇಲುನೋಟಕ್ಕೆ ಇಲ್ಲಿಯೇ ಒಂದು ವಿರೋಧವಿದೆ. ಅದರ ಪರಿಹಾರವೂ ಅಲ್ಲಿಯೇ ಇದೆ: ದೇವರ ವರದಿಂದ ಬಂದ ಬಲವೆಂದು ಹೇಳಿಕೊಂಡ ಅರಸನ ಆಜ್ಞೆಗೆ ಪ್ರಜೆ ಹೆಚ್ಚು ಬೆಲೆ ಕೊಡುತ್ತಾನೆ.

ಈ ಮನೆತನದಲ್ಲಿ ೧೧೪೭ರ ಸುಮಾರಿಗೆ ಇಬ್ಬರು ಸಹೋದರರು ಒಟ್ಟಿಗೆ ಪಟ್ಟಕ್ಕೆ ಬಂದರು. ಇಮ್ಮಡಿ ಜಯಕೇಶಿ ಇವರ ತಂದೆ; ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗಳಾದ ಮೈಲಲದೇವಿ ತಾಯಿ. ಹಿರಿಯ ಪೆರ್ಮಾಡಿಗೆ ‘ಶಿವಚಿತ್ತ’ ಎಂಬ ಹೆಸರು. ಕಿರಿಯ ವಿಜಯಾದಿತ್ಯನಿಗೆ ‘ವಿಷ್ಣುಚಿತ್ತ’ ಎಂಬ ಹೆಸರು. ಒಬ್ಬನ ಚಿತ್ತದಲ್ಲಿ ಶಿವ, ಇನ್ನೊಬ್ಬನ ಚಿತ್ತದಲ್ಲಿ ವಿಷ್ಣು, ರಾಜ್ಯ ಒಂದು. ದಾಯಾದಿಗಳ ಕಲಹಕ್ಕೆ ಹೆಸರಾದ ಕಾಲದಲ್ಲಿ, ಅದರಲ್ಲಿಯೂ ಶೈವ ವೈಷ್ಣವ ವಾದಗಳು ಬಿಸಿಯೇರುತ್ತಿದ್ದ ೧೨ನೆಯ ಶತಮಾನದಲ್ಲಿ, ಈ ಸಹೋದರರು ಮೂರು ದಶಕಗಳಿಗೂ ಹೆಚ್ಚು ಕಾಲ ಜೊತೆಯಾಗಿ ಆಳಿದರು. ನಾಣ್ಯದ ಮಾತು ಇವರಿಗೆ ಸಲ್ಲದಿದ್ದರೆ ಇನ್ನಾರಿಗೂ ಸಲ್ಲದು.

ಆದರೆ ಇಲ್ಲಿಯೂ ಪರಿಹಾರವನ್ನು ಕೇಳಬೇಕು. ಎರಡು ಮುಖಗಳ ನಡುವಿನ ಲೋಹ ಯಾವುದು? ಹಲಸಿಗೆ ಹೋದರೆ ಉತ್ತರ ದೊರೆಯುತ್ತದೆ. ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡದ ಆಚೆ, ಹೊಲಗದ್ದೆಗಳ ನಡುವೆ ಇರುವ ಆ ಹಳ್ಳಿಯಲ್ಲಿ ಭೂವರಾಹ ನರಸಿಂಹ ದೇವಾಲಯವಿದೆ. ಒಂದೇ ದೇವಾಲಯದಲ್ಲಿ ಎರಡು ಗರ್ಭಗೃಹಗಳು, ಎದುರುಬದುರಾಗಿ. ಶಿವಚಿತ್ತನ ಕಾಲದಲ್ಲಿ, ೧೧೬೯ರಲ್ಲಿ, ಪ್ರತಿಷ್ಠೆಯಾದದ್ದು ನರಸಿಂಹ. ವಿಜಯಾದಿತ್ಯನ ಕಾಲದಲ್ಲಿ, ೧೧೮೬–೮೭ರಲ್ಲಿ, ಪ್ರತಿಷ್ಠೆಯಾದದ್ದು ಭೂವರಾಹ. ಶಿವಚಿತ್ತನೆಂದು ಹೆಸರಾದ ಅರಸನ ಆಳ್ವಿಕೆಯಲ್ಲಿ ವಿಷ್ಣುವಿನ ಅವತಾರಕ್ಕೆ ಗುಡಿ! ಅಷ್ಟೇ ಅಲ್ಲ, ಆತನ ರಾಣಿ ಕಮಲಾದೇವಿ ಕಿತ್ತೂರಿನ ಬಳಿಯ ದೇಗಾಂವದಲ್ಲಿ ಕಟ್ಟಿಸಿದ್ದು ಕಮಲನಾರಾಯಣನ ದೇವಾಲಯ. ವಿಷ್ಣುಚಿತ್ತನ ಮನೆದೇವರಾದರೋ ಅಣ್ಣನಿಗೆ ಇದ್ದಂತೆಯೇ ಸಪ್ತಕೋಟೀಶ್ವರ, ಶಿವ. ಎಂದರೆ ಈ ಹೆಸರುಗಳು ಗಡಿಗಳಲ್ಲ. ಒಂದೇ ಮನೆಯೊಳಗಿನ ಒಲವುಗಳು. ಕುಲದೇವರು ಒಬ್ಬನೇ, ಬೊಕ್ಕಸ ಒಂದೇ, ದಾನ ಪಡೆಯುವ ಪ್ರಜೆಗಳು ಒಬ್ಬರೇ. ಲೋಹ ಒಂದಾಗಿತ್ತು, ಆದ್ದರಿಂದಲೇ ಎರಡು ಮುಖಗಳು ಸಾಧ್ಯವಾದವು.

ಆ ದೇವಾಲಯದಲ್ಲಿ ನಿಂತಾಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ನಾಣ್ಯದ ಎರಡು ಮುಖಗಳು ಎಂದೆಂದಿಗೂ ಒಂದನ್ನೊಂದು ನೋಡಲಾರವು. ಬೆನ್ನಿಗೆ ಬೆನ್ನು ಅಂಟಿಕೊಂಡ ಜೋಡಿ ಅದು. ಹಲಸಿಯ ಶಿಲ್ಪಿ ಮಾಡಿದ್ದು ಅದಕ್ಕೆ ವಿರುದ್ಧವಾದುದನ್ನು. ಹಿರಣ್ಯಕಶಿಪುವನ್ನು ಸೀಳಿದ ದೇವರನ್ನೂ ಭೂಮಿಯನ್ನು ಎತ್ತಿ ಉಳಿಸಿದ ದೇವರನ್ನೂ ಮುಖಾಮುಖಿ ನಿಲ್ಲಿಸಿದ. ನಡುವಿನ ಮಂಟಪವನ್ನು ಭಕ್ತನಿಗೆ ಬಿಟ್ಟ. ಅಲ್ಲಿ ನಿಂತವನು ಒಂದನ್ನು ನೋಡಬೇಕಾದರೆ ಇನ್ನೊಂದಕ್ಕೆ ಬೆನ್ನು ಮಾಡಬೇಕು, ಮತ್ತೆ ತಿರುಗಬೇಕು. ತಿರುಗುವ ಆ ಶ್ರಮವೇ ಯುರೋಪಿನ ಹಳೆಯ ಗಾದೆ ಬೇಡಿದ್ದು.

ಇನ್ನು ಭಾಷೆಯ ಮಾತು. ಗೋವೆಯ ಕದಂಬರ ಈ ನಾಣ್ಯಗಳ ಮೇಲಿನ ಲಿಪಿ ನಾಗರಿ. ಆದರೆ ಅದೇ ಅರಸರ ಕಾಲದ ಕನ್ನಡ ಶಾಸನಗಳು ಘಟ್ಟದ ಮೇಲಿನ ಗೋಳಿಹಳ್ಳಿ, ಕಿತ್ತೂರು ಮೊದಲಾದ ಊರುಗಳಲ್ಲಿ ದೊರೆತಿವೆ. ನಾಣ್ಯವನ್ನು ಮಾತ್ರ ಕಂಡವನು ಇವರನ್ನು ಒಂದು ಬಗೆಯಾಗಿ ತಿಳಿದಾನು. ಕಲ್ಲನ್ನು ಮಾತ್ರ ಓದಿದವನು ಇನ್ನೊಂದು ಬಗೆಯಾಗಿ. ನಾಣ್ಯದ ಬರಹವನ್ನೇ ಇನ್ನಷ್ಟು ಹತ್ತಿರದಿಂದ ನೋಡಿದರೆ, ಸಂಸ್ಕೃತದಲ್ಲಿ ಮೊದಲಾದ ಸಾಲು ಕೊನೆಗೆ ‘ಮಲವರಮಾರಿ’ ಎಂದಾಗ ಕನ್ನಡಕ್ಕೆ ಇಳಿದಿರುತ್ತದೆ. ಮಲವರಿಗೆ ಮಾರಿಯಾದವನು ಎಂಬ ಈ ಬಿರುದಿನಲ್ಲಿರುವ ಷಷ್ಠಿ ವಿಭಕ್ತಿ ಕನ್ನಡದ್ದು. ಹಾಗಾದರೆ ಒಂದೇ ಮುಖದಲ್ಲಿಯೇ ಎರಡು ಭಾಷೆಗಳಿವೆ. ಲಿಪಿ ನಾಗರಿ, ಸ್ತುತಿ ಸಂಸ್ಕೃತ, ಬಿರುದು ಕನ್ನಡ. ಕರಾವಳಿಯ ಬಂದರಿನಲ್ಲಿ ದೂರದ ವರ್ತಕರ ಕೈಯಲ್ಲಿ ಓಡಾಡಬೇಕಾದ ನಾಣ್ಯಕ್ಕೆ ನಾಗರಿ ಒಪ್ಪುತ್ತದೆ. ಹಳ್ಳಿಯ ಹೊಲದ ಎಲ್ಲೆಯನ್ನು ಊರಿನವರಿಗೆ ತಿಳಿಸಬೇಕಾದ ಕಲ್ಲಿಗೆ ಕನ್ನಡವೇ ಬೇಕು. ಉಪಯೋಗ ಬೇರೆ, ಆದ್ದರಿಂದ ಬರಹ ಬೇರೆ ಎಂದು ನನ್ನ ಊಹೆ.

ಇದನ್ನು ನಾನು ಕೇವಲ ಪುರಾತತ್ತ್ವದ ಕುತೂಹಲದಿಂದ ಹೇಳುತ್ತಿಲ್ಲ. ಖಾನಾಪುರ ತಾಲ್ಲೂಕು ಕನ್ನಡ ಮರಾಠಿಗಳೆರಡೂ ನಡೆಯುವ ಸೀಮೆ. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಂದಿನಿಂದ ಈ ಸೀಮೆಯ ಹೆಸರು ವಿವಾದದಲ್ಲಿ ಕೇಳಿಬರುತ್ತಿದೆ. ೧೯೬೬ರಲ್ಲಿ ನೇಮಕವಾದ ಮಹಾಜನ್ ಆಯೋಗ ಮರುವರ್ಷ ವರದಿ ಕೊಟ್ಟಿತು. ೨೦೦೪ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಇಂಥ ವಿವಾದಗಳಲ್ಲಿ ಇತಿಹಾಸವನ್ನು ಸಾಕ್ಷಿಗೆ ಕರೆಯುವಾಗ ಒಬ್ಬರು ಕಲ್ಲನ್ನು ಎತ್ತಿ ತೋರಿಸುತ್ತಾರೆ, ಇನ್ನೊಬ್ಬರು ನಾಗರಿಯ ನಾಣ್ಯವನ್ನು. ಇಬ್ಬರ ಕೈಯಲ್ಲಿರುವುದೂ ನಿಜವಾದ ವಸ್ತುವೇ. ಇಬ್ಬರೂ ಅದನ್ನು ತಿರುಗಿಸಿ ತೋರಿಸುವುದಿಲ್ಲ, ಅಷ್ಟೇ. ಗುಲಗಂಜಿಗೆ ತನ್ನ ಕಪ್ಪು ಕಾಣದು ಎಂಬ ನಮ್ಮ ಗಾದೆ ಇಂಥಲ್ಲಿ ಇಂಗ್ಲಿಷಿನ ಮಾತಿಗಿಂತ ಹೆಚ್ಚು ನೇರವಾಗಿದೆ.

ಇದೇ ಎಳೆಯಲ್ಲಿ ಇನ್ನೊಂದು ಸಂಗತಿ. ನಾಣ್ಯದ ಮೇಲೆ ಹೆಸರಾದ ಸಪ್ತಕೋಟೀಶ್ವರನ ಮೂಲ ದೇವಾಲಯ ಗೋವೆಯ ದೀವರ್ ದ್ವೀಪದಲ್ಲಿತ್ತು. ೧೬ನೆಯ ಶತಮಾನದಲ್ಲಿ ಪೋರ್ತುಗೀಜರ ಆಳ್ವಿಕೆಯಲ್ಲಿ ಅದು ನಾಶವಾಯಿತು. ಭಕ್ತರು ಲಿಂಗವನ್ನು ನದಿಯಾಚೆಯ ನಾರ್ವೆಗೆ ಸಾಗಿಸಿ ಕಾಪಾಡಿದರು. ಅಲ್ಲಿ ಅದಕ್ಕೆ ೧೬೬೮ರಲ್ಲಿ ದೇವಾಲಯವನ್ನು ಮತ್ತೆ ಕಟ್ಟಿಸಿದವನು ಛತ್ರಪತಿ ಶಿವಾಜಿ. ಕನ್ನಡ ಶಾಸನಗಳನ್ನು ಬರೆಯಿಸಿದ ಅರಸರ ಕುಲದೇವರನ್ನು ಮರಾಠರ ಅರಸನು ಮತ್ತೆ ನೆಲೆಗೊಳಿಸಿದ. ಈ ಕದಂಬರ ಇತಿಹಾಸವನ್ನು ೧೯೩೧ರಲ್ಲಿ ‘ಕದಂಬ ಕುಲ’ ಎಂಬ ಗ್ರಂಥವಾಗಿ ಇಂಗ್ಲಿಷಿನಲ್ಲಿ ಬರೆದ ಜಾರ್ಜ್ ಮೊರಾಯಿಸ್ ಗೋವೆಯ ಕ್ರೈಸ್ತ ವಿದ್ವಾಂಸ. ಈ ನೆಲದ ಚರಿತ್ರೆಯನ್ನು ಒಂದೇ ಕಡೆಯವರ ಸೊತ್ತೆಂದು ಹೇಳಲು ಎಷ್ಟು ಕಷ್ಟವೆಂಬುದಕ್ಕೆ ಇಷ್ಟು ಸಾಕು.

ಹಲಸಿಯ ಇತಿಹಾಸದಲ್ಲಿ ಇನ್ನೂ ಏಳು ಶತಮಾನ ಹಿಂದಕ್ಕೆ ಹೋದರೆ ಬನವಾಸಿಯ ಆದಿ ಕದಂಬರು ಸಿಗುತ್ತಾರೆ. ಆಗ ಈ ಊರಿನ ಹೆಸರು ಪಲಾಶಿಕಾ. ಇಲ್ಲಿ ದೊರೆತ ತಾಮ್ರಪಟಗಳನ್ನು ೧೯ನೆಯ ಶತಮಾನದಲ್ಲಿ ಓದಿ ಪ್ರಕಟಿಸಿದವನು ಮುಂಬಯಿ ಪ್ರಾಂತದ ಅಧಿಕಾರಿ ಫ್ಲೀಟ್. ಕದಂಬರು ತಮ್ಮನ್ನು ಮಾನವ್ಯ ಗೋತ್ರದವರೆಂದು, ಹಾರಿತೀಪುತ್ರರೆಂದು ಕರೆದುಕೊಂಡವರು. ಮೂಲಪುರುಷ ಮಯೂರಶರ್ಮ ವೇದವನ್ನು ಕಲಿಯಲು ಕಂಚಿಗೆ ಹೋದವನು ಖಡ್ಗ ಹಿಡಿದು ಅರಸನಾದ ಕಥೆಯನ್ನು ತಾಳಗುಂದದ ಶಾಸನ ಹೇಳುತ್ತದೆ. ಇಂಥ ವೈದಿಕ ಕುಲದ ಮೃಗೇಶವರ್ಮ ೫ನೆಯ ಶತಮಾನದ ಉತ್ತರಾರ್ಧದಲ್ಲಿ, ತೀರಿಹೋದ ತಂದೆಯ ಮೇಲಿನ ಭಕ್ತಿಯಿಂದ, ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರೆಂಬ ಜೈನ ಪಂಗಡಗಳಿಗೆ ಭೂಮಿ ಬಿಟ್ಟ. ಆತನ ದೇವಗಿರಿಯ ತಾಮ್ರಪಟದಲ್ಲಿ ಒಂದು ಊರನ್ನು ಮೂರು ಪಾಲು ಮಾಡಿ, ಒಂದನ್ನು ಜಿನೇಂದ್ರನಿಗೆ, ಒಂದನ್ನು ಶ್ವೇತಪಟ ಸಂಘಕ್ಕೆ, ಒಂದನ್ನು ನಿರ್ಗ್ರಂಥ ಸಂಘಕ್ಕೆ ಕೊಟ್ಟ ಸಂಗತಿ ಇದೆ.

ಈ ಪಟ್ಟಿಯಲ್ಲಿ ಯಾಪನೀಯರ ಹೆಸರು ವಿಶೇಷವಾಗಿ ಗಮನಿಸತಕ್ಕದ್ದು. ಅವರ ಯತಿಗಳು ದಿಗಂಬರರಂತೆ ನಗ್ನರಾಗಿ ಇರುತ್ತಿದ್ದರು. ಆದರೆ ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷ ಉಂಟೆಂದು ಶ್ವೇತಾಂಬರರಂತೆ ಒಪ್ಪುತ್ತಿದ್ದರು. ಆಚಾರದಲ್ಲಿ ಒಂದು ಕಡೆ, ತತ್ತ್ವದಲ್ಲಿ ಇನ್ನೊಂದು ಕಡೆ. ನಮ್ಮ ಕಾಲದವರು ಇವರನ್ನು ಕಂಡಿದ್ದರೆ ನಾಣ್ಯದ ಮಾತನ್ನು ಹೇಳಿ ಮುಂದೆ ಹೋಗುತ್ತಿದ್ದರು. ಜೈನ ದಾರ್ಶನಿಕರು ಹಾಗೆ ಬಿಡುವವರಲ್ಲ. ಒಂದೇ ವಸ್ತುವನ್ನು ‘ಇದೆ’ ಎಂದೂ ‘ಇಲ್ಲ’ ಎಂದೂ ಹೇಳಬಹುದೆಂದು ಅವರ ಸ್ಯಾದ್ವಾದ ಒಪ್ಪುತ್ತದೆ. ಆದರೆ ಪ್ರತಿ ಮಾತಿನ ಮೊದಲೂ ‘ಸ್ಯಾತ್’ ಎಂಬ ಶಬ್ದವನ್ನು ಇಡಬೇಕು. ಯಾವ ದೃಷ್ಟಿಯಿಂದ ಇದೆ, ಯಾವ ದೃಷ್ಟಿಯಿಂದ ಇಲ್ಲ ಎಂಬುದನ್ನು ಹೇಳಲೇಬೇಕು. ಅಲಂಕಾರಶಾಸ್ತ್ರ ಕೇಳಿದ ಪರಿಹಾರವನ್ನೇ ದರ್ಶನಶಾಸ್ತ್ರವೂ ಇಲ್ಲಿ ಬೇರೆ ಹೆಸರಿನಿಂದ ಕೇಳಿತು.

ಕದಂಬರದೆಂದು ಹಲವು ವಿದ್ವಾಂಸರು ಹೇಳುವ ‘ಪದ್ಮಟಂಕ’ಗಳನ್ನೂ ಇಲ್ಲಿ ನೆನೆಯಬೇಕು. ಬಟ್ಟಲಿನಂತೆ ತುಸು ತಗ್ಗಾದ ಆ ಚಿನ್ನದ ನಾಣ್ಯಗಳ ಒಂದು ಬದಿಯಲ್ಲಿ ನಡುವೆ ತಾವರೆ, ಸುತ್ತ ಬೇರೆ ಬೇರೆ ಮುದ್ರೆಗಳು. ಹಿಂಬದಿ ಬರಿದು. ನಾಣ್ಯವೆಂದ ಮಾತ್ರಕ್ಕೆ ಎರಡು ಮುಖ ಇರಲೇಬೇಕೆಂಬ ನಿಯಮವೂ ಇಲ್ಲವೆಂದಾಯಿತು. ಲೋಕದಲ್ಲಿ ಒಂದೇ ಮುಖದ ಸಂಗತಿಗಳೂ ಉಂಟು. ಅನ್ಯಾಯಕ್ಕೂ ಇನ್ನೊಂದು ಮುಖವನ್ನು ಹುಡುಕಿ ಹೊರಡುವವರು ಈ ಪದ್ಮಟಂಕವನ್ನು ಕಂಡಿರಬೇಕಿತ್ತು.

ಕೊನೆಯದಾಗಿ, ಎರಡು ಮುಖಗಳಿದ್ದೂ ನಾಣ್ಯ ಒಂದಲ್ಲದ ಪ್ರಸಂಗವೊಂದನ್ನು ಹೇಳುತ್ತೇನೆ. ಶಿವಚಿತ್ತ ವಿಷ್ಣುಚಿತ್ತರ ತರುವಾಯ ಬಂದ ಮುಮ್ಮಡಿ ಜಯಕೇಶಿಯ ಕಾಲದ, ೧೧೮೮ರ ಸುಮಾರಿನ, ಕಿತ್ತೂರಿನ ಕನ್ನಡ ಶಾಸನ ಒಂದು ವ್ಯಾಜ್ಯವನ್ನು ದಾಖಲಿಸುತ್ತದೆ. ಒಂದು ಹೊಲಕ್ಕಾಗಿ ಎರಡು ದೇವಸ್ಥಾನಗಳ ಆಚಾರ್ಯರ ನಡುವೆ ಜಗಳ. ಇಬ್ಬರೂ ಶೈವರು, ಇಬ್ಬರೂ ಗೌರವಸ್ಥರು, ಇಬ್ಬರೂ ದೇವರ ಹೆಸರಿನಲ್ಲಿಯೇ ಮಾತನಾಡಿದವರು. ತೀರ್ಮಾನಕ್ಕೆ ಆ ಕಾಲದವರು ಹಿಡಿದ ದಾರಿ ಫಾಲದಿವ್ಯ: ಕಾಯಿಸಿ ಕೆಂಪಾದ ನೇಗಿಲ ಗುಳವನ್ನು ಪ್ರಮಾಣ ಮಾಡಿ ಕೈಯಲ್ಲಿ ಹಿಡಿಯುವುದು. ಹೊಲ ಒಬ್ಬನಿಗೆ ಸಂದಿತು. ನಿರ್ಣಯದ ಆ ಕ್ರಮವನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು. ಆದರೆ ಅಲ್ಲಿ ಸೇರಿದ ಜನ ಅರಿತಿದ್ದ ಒಂದು ಸತ್ಯವನ್ನು ನಾವು ಮರೆಯುತ್ತಿದ್ದೇವೆ. ಒಂದು ಹೊಲ ಇವನದೂ ಹೌದು, ಅವನದೂ ಹೌದು ಎಂದರೆ ವ್ಯಾಜ್ಯ ಮುಗಿಯುವುದಿಲ್ಲ. ನಿಜವಾದ ವಿರೋಧಕ್ಕೆ ಬೇಕಾದದ್ದು ನಿರ್ಣಯ. ತೋರಿಕೆಯ ವಿರೋಧಕ್ಕೆ ಬೇಕಾದದ್ದು ಪರಿಹಾರ. ಎರಡಕ್ಕೂ ಒಂದೇ ಮಾತನ್ನು ಔಷಧವಾಗಿ ಕೊಡುವುದು ಸರಿಯಲ್ಲ.

ಹಾಗೆಂದು ಈ ಮಾತನ್ನು ಕನ್ನಡದಿಂದ ಹೊರಗೆ ಹಾಕಬೇಕೆಂದು ನಾನು ಹೇಳುವುದಿಲ್ಲ. ಹೊರಗಿನಿಂದ ಬಂದ ಮಾತುಗಳು ನಮ್ಮ ನುಡಿಯನ್ನು ಬೆಳೆಸಿವೆ. ಇದೂ ಈಗ ನಮ್ಮದೇ ಆಗಿದೆ. ಆಡುವ ಮೊದಲು ಅದನ್ನು ಒರೆಗಲ್ಲಿಗೆ ಹಚ್ಚಬೇಕು, ಅಷ್ಟೇ. ಈ ಎರಡನ್ನು ಹಿಡಿದಿರುವ ಲೋಹ ಯಾವುದು? ಅದನ್ನು ಅಚ್ಚು ಹಾಕಿದವರು ಯಾರು? ಯಾವ ದೃಷ್ಟಿಯಿಂದ ಇವು ಬೇರೆ, ಯಾವ ದೃಷ್ಟಿಯಿಂದ ಒಂದು? ಶಿವಚಿತ್ತ ವಿಷ್ಣುಚಿತ್ತರ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿದೆ. ಕಿತ್ತೂರಿನ ಹೊಲದ ವಿಷಯದಲ್ಲಿ ಇಲ್ಲ. ಉತ್ತರವಿದ್ದಲ್ಲಿ ಮಾತು ಸಲ್ಲುತ್ತದೆ, ಇಲ್ಲದಲ್ಲಿ ಸಲ್ಲದು.

ನಾಣ್ಯ ಎಂಬ ಶಬ್ದಕ್ಕೆ ಕನ್ನಡದಲ್ಲಿ ಹಣದ ಬಿಲ್ಲೆ ಎಂಬುದರ ಜೊತೆಗೆ ಇನ್ನೊಂದು ಅರ್ಥವೂ ಇದೆ. ನಾಣ್ಯವಾದ ಬಟ್ಟೆ, ನಾಣ್ಯವಾದ ಕೆಲಸ ಎನ್ನುತ್ತೇವೆ. ನಂಬಿಕೆಗೆ ಅರ್ಹನಾದವನನ್ನು ನಾಣ್ಯಸ್ಥ ಎನ್ನುತ್ತೇವೆ. ಇಂಗ್ಲಿಷಿನ ಮಾತು ನಾಣ್ಯದ ಮುಖಗಳನ್ನು ಎಣಿಸಿತು. ನಮ್ಮ ಹಿರಿಯರು ಅದರ ಗುಣವನ್ನು ಕಂಡು ಶಬ್ದಕ್ಕೆ ಈ ಅರ್ಥವನ್ನು ಕೊಟ್ಟರು. ಅವರ ಕೈಯಲ್ಲಿ ತಕ್ಕಡಿಯಿತ್ತು, ತಕ್ಕಡಿಯ ತಟ್ಟೆಯಲ್ಲಿ ಗುಂಜಿಯಿತ್ತು.